ಬಯಾಪ್ಸಿ ವರದಿಯಲ್ಲಿ ‘ನಾನ್‌ಸ್ಪೆಸಿಫಿಕ್’ ಎಂದಿದೆ: ಕ್ರೋನ್ಸೋ, ಕರುಳಿನ ಟಿಬಿಯೋ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಐದು ತಿಂಗಳಿಂದ ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ ನೋವು, ದಿನಕ್ಕೆ ನಾಲ್ಕೈದು ಸಲ ಭೇದಿ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ. 7 ಕೆ.ಜಿ. ಇಳಿದು ಈಗ 52 ಕೆ.ಜಿ. ಇದ್ದಾನೆ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಕರುಳಿನ ಕೊನೆಯಲ್ಲೂ ಅದು ದೊಡ್ಡ ಕರುಳಿಗೆ ಸೇರುವ ಜಾಗದಲ್ಲೂ ಹುಣ್ಣು ಕಂಡಿತು. ಮೂರು ಚೂರು ತೆಗೆದು ಒಂದೇ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸಿದರು. ವರದಿಯಲ್ಲಿ ‘ನಾನ್‌ಸ್ಪೆಸಿಫಿಕ್ ಆ್ಯಕ್ಟಿವ್ ಇಲಿಯೊಕೊಲೈಟಿಸ್, ಗ್ರ್ಯಾನುಲೋಮ ಕಂಡಿಲ್ಲ, ಎಎಫ್‌ಬಿ ನೆಗೆಟಿವ್, ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ ಎಂದಿದೆ. ಒಬ್ಬ ಡಾಕ್ಟರು ಇದು ಕ್ರೋನ್ಸ್ ಇರಬೇಕು, ಸ್ಟೀರಾಯ್ಡ್ ಶುರು ಮಾಡೋಣ ಎನ್ನುತ್ತಾರೆ. ಇನ್ನೊಬ್ಬರು ಎರಡು ತಿಂಗಳು ಟಿಬಿ ಮಾತ್ರೆ ಕೊಟ್ಟು ನೋಡೋಣ ಎನ್ನುತ್ತಾರೆ. ಗಾಯ ಕೆಣಕಿದರೆ ಕ್ಯಾನ್ಸರ್ ಆಗುತ್ತದೆ ಎಂದು ನಮ್ಮ ದೊಡ್ಡಮ್ಮ ಹೆದರಿಸಿದ ಮೇಲೆ, ಮತ್ತೆ ಚೂರು ತೆಗೆಸಲು ತಮ್ಮ ಒಪ್ಪುತ್ತಿಲ್ಲ. ಬೆನ್ನುನೋವಿಗೆಂದು ಅವನು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುವುದೂ ಇದೆ. ಮಾಡಿಸಿದ ಬಯಾಪ್ಸಿ ದಂಡವಾಯಿತೇ? ಮುಂದೇನು ಮಾಡುವುದು?
ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಚೂರು ತೆಗೆದದ್ದರಿಂದ ಕೆಡುಕಾಗುತ್ತದೆಯೇ, ತೆಗೆದ ಚೂರು ಏನನ್ನೂ ಹೇಳಲಿಲ್ಲ ಏಕೆ, ಕಾಯಿಲೆಯ ಹೆಸರೇ ತಿಳಿಯದೆ ಔಷಧ ಶುರು ಮಾಡುವುದು ಹೇಗೆ. ಇವಕ್ಕೆ ಉತ್ತರಿಸುವ ಮೊದಲು ಒಂದು ಮಾತು: ಟಿಬಿ ಇಲ್ಲವೆಂದು ಸಾಧ್ಯವಾದಷ್ಟು ಖಚಿತವಾಗುವ ತನಕ ನಿಮ್ಮ ತಮ್ಮನಿಗೆ ಸ್ಟೀರಾಯ್ಡ್ ಬೇಡ. ಈಗಾಗಲೇ ಶುರುವಾಗಿದ್ದರೆ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಬರೆದುಕೊಟ್ಟ ಡಾಕ್ಟರನ್ನು ಇವತ್ತೇ ಕೇಳಿ.

ಡಾಕ್ಟರುಗಳಿಬ್ಬರೂ ಹೇಳಿದ್ದು ತಳಬುಡವಿಲ್ಲದ ಮಾತಲ್ಲ. ಸಣ್ಣ ಕರುಳಿನ ಕೊನೆ, ಅಂದರೆ ಐಲಿಯಂ, ಮತ್ತು ದೊಡ್ಡ ಕರುಳಿನ ಆರಂಭವಾದ ಸೀಕಮ್, ಇವೆರಡೂ ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗೂ ಇಷ್ಟವಾದ ಜಾಗ, ಟಿಬಿಗೂ ಇಷ್ಟವಾದ ಜಾಗ. ನೋವು, ಭೇದಿ, ತೂಕ ಇಳಿಯುವುದು ಎರಡರಲ್ಲೂ ಇರುತ್ತದೆ. ಈ ಗೊಂದಲ ಇವತ್ತಿನದೂ ಅಲ್ಲ. ಗ್ಲಾಸ್ಗೋದ ಸರ್ಜನ್ ಕೆನೆಡಿ ಡಾಲ್ಜೀಲ್ 1913ರಲ್ಲಿ, ಟಿಬಿಯಂತೆ ಕಂಡರೂ ಟಿಬಿಯಲ್ಲದ ಕರುಳಿನ ಉರಿಯೂತವೊಂದನ್ನು ವಿವರಿಸಿದ್ದರು. ನ್ಯೂಯಾರ್ಕಿನಲ್ಲಿ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಅದೇ ಕಾಯಿಲೆಯ ಬಗ್ಗೆ ಬರೆದ ಲೇಖನ ಬಂದದ್ದು 1932ರಲ್ಲಿ. ಟಿಬಿ ಅಪರೂಪವಾದ ದೇಶಗಳಲ್ಲಿ ಈ ಜಾಗದಲ್ಲಿ ಹುಣ್ಣು ಕಂಡರೆ ಕ್ರೋನ್ಸ್ ಎಂದು ಹೆಚ್ಚು ಯೋಚಿಸದೆ ಹೇಳಬಹುದು. ನಮ್ಮಲ್ಲಿ ಹಾಗೆ ಹೇಳಲಾಗದು.

ಈಗ ದೊಡ್ಡಮ್ಮನವರ ಭಯ. ಬಯಾಪ್ಸಿ ಎಂದರೆ ಹುಣ್ಣನ್ನು ಕೊಯ್ಯುವುದೆಂದು ಅನೇಕರು ಭಾವಿಸುತ್ತಾರೆ. ಕೊಲೊನೋಸ್ಕೋಪಿನ ಒಳಗಿಂದ ಹೋಗುವ ಪುಟ್ಟ ಚಿಮಟ ತೆಗೆಯುವುದು 2ರಿಂದ 3 ಮಿಲಿಮೀಟರಿನ ಚೂರು, ಎಳ್ಳಿನ ಕಾಳಿನಷ್ಟು. ಕರುಳಿನ ಒಳಪದರಕ್ಕೆ ಚಿವುಟಿದ ನೋವು ತಿಳಿಯುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಆಗುವ ಹಿಂಸೆ ಕರುಳನ್ನು ಗಾಳಿಯಿಂದ ಉಬ್ಬಿಸುವುದರಿಂದ. ಆ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ತಾನಾಗಿಯೇ ಹೊಸದಾಗುತ್ತಿರುತ್ತದೆ. ಹಾಗಾಗಿ ಚಿವುಟಿದ ಜಾಗ ಕೆಲವೇ ದಿನಗಳಲ್ಲಿ ಮಾಯುತ್ತದೆ. ಹೀಗೆ ಚೂರು ತೆಗೆಯುವುದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ, ಉರಿಯೂತ ಹರಡುವುದೂ ಇಲ್ಲ. ವರ್ಷಗಟ್ಟಲೆ ಹತೋಟಿಗೆ ಬಾರದ ಉರಿಯೂತವೇ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿಸುವುದು. ಅದಕ್ಕೇ ದೊಡ್ಡ ಕರುಳಿನ ಉರಿಯೂತ ಇರುವವರಿಗೆ, ಕಾಯಿಲೆ ಶುರುವಾಗಿ ಸುಮಾರು 8 ವರ್ಷವಾದ ಮೇಲೆ ಆಗಾಗ ಕೊಲೊನೋಸ್ಕೋಪಿ ಮಾಡಿ, ಅನುಮಾನದ ಜಾಗಗಳಿಂದ ಚೂರು ತೆಗೆದು ನೋಡುತ್ತಾರೆ. ಮುಂದೆ ಅವರನ್ನು ಕ್ಯಾನ್ಸರಿನಿಂದ ಕಾಪಾಡುವುದೇ ಈ ಬಯಾಪ್ಸಿ.

ಅಪಾಯವೇ ಇಲ್ಲವೆಂದಲ್ಲ. ಪರೀಕ್ಷೆಗಾಗಿ ಮಾಡುವ ಕೊಲೊನೋಸ್ಕೋಪಿಯಲ್ಲಿ ಕರುಳು ತೂತಾಗುವುದು 1,000ಕ್ಕೆ ಒಂದಕ್ಕಿಂತ ಕಡಿಮೆ. ಆಳವಾದ ಹುಣ್ಣು, ತೀವ್ರ ಉರಿಯೂತ ಇದ್ದಾಗ ಕೈ ಇನ್ನಷ್ಟು ಹಗುರವಾಗಿರಬೇಕು. ಮರುದಿನದ ತನಕ ಮಲದಲ್ಲಿ ಎಳೆಯಷ್ಟು ರಕ್ತ ಕಂಡರೆ ಗಾಬರಿ ಬೇಡ. ಹೊಟ್ಟೆ ಬಿಗಿದುಕೊಂಡು ನೋವು ಏರುತ್ತಿದ್ದರೆ, ಜ್ವರ ಬಂದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ಇನ್ನು ವರದಿಗೆ ಬರೋಣ. ‘ನಾನ್‌ಸ್ಪೆಸಿಫಿಕ್’ ಎಂದರೆ ಏನೂ ಇಲ್ಲ ಎಂದಲ್ಲ. ಉರಿಯೂತ ಇದೆ, ಆದರೆ ಈ ಚೂರುಗಳಲ್ಲಿ ಅದರ ಕಾರಣದ ಗುರುತು ಸಿಕ್ಕಿಲ್ಲ ಎಂದು ಅರ್ಥ. ಗುರುತು ಏಕೆ ಸಿಗಲಿಲ್ಲ ಎಂಬುದು ಸೂಕ್ಷ್ಮದರ್ಶಕದಡಿ ನಾವು ಏನು ನೋಡುತ್ತೇವೆ ಎಂದು ತಿಳಿದರೆ ಸ್ಪಷ್ಟವಾಗುತ್ತದೆ.

ಆರೋಗ್ಯವಂತ ದೊಡ್ಡ ಕರುಳಿನ ಒಳಪದರದಲ್ಲಿ ಕೊಳವೆಯಂಥ ಗ್ರಂಥಿಗಳಿರುತ್ತವೆ, ಅವಕ್ಕೆ ಕ್ರಿಪ್ಟ್ ಎನ್ನುತ್ತೇವೆ. ಅಡಿಕೆ ತೋಟದ ಮರಗಳ ಹಾಗೆ ಅವು ಸಾಲಾಗಿ, ನೆಟ್ಟಗೆ, ಸಮ ಅಂತರದಲ್ಲಿ ನಿಂತಿರುತ್ತವೆ. ನಾಲ್ಕಾರು ದಿನದ ಸೋಂಕಿನ ಭೇದಿಯಲ್ಲಿ ಮರಗಳು ನಿಂತ ಹಾಗೇ ನಿಂತಿರುತ್ತವೆ, ನಡುವೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿರುತ್ತವೆ. ವಾರಗಟ್ಟಲೆ ಕಾಡಿದ ಉರಿಯೂತದಲ್ಲಿ ಸಾಲು ಕೆಡುತ್ತದೆ. ಮರ ಬಾಗುತ್ತದೆ, ಕವಲೊಡೆಯುತ್ತದೆ, ಮೋಟಾಗುತ್ತದೆ, ಕೆಲವು ಮಾಯವೇ ಆಗುತ್ತವೆ. ಈ ಬದಲಾವಣೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅದಕ್ಕಿಂತ ಮೊದಲೇ ಕ್ರಿಪ್ಟ್‌ಗಳ ಬುಡದಲ್ಲಿ ಪ್ಲಾಸ್ಮಾ ಕಣ ಎಂಬ ರಕ್ಷಕ ಕಣಗಳು ಗುಂಪುಗೂಡುವುದುಂಟು. ಇದು ಮಾಮೂಲಿ ಸೋಂಕಲ್ಲ ಎಂಬುದಕ್ಕೆ ಬಹಳ ಮುಂಚೆ ಸಿಗುವ ಸುಳಿವು ಅದು.

ಲ್ಯಾಬಿನ ಭಾಷೆಯಲ್ಲಿ ನ್ಯೂಟ್ರೋಫಿಲ್ ಇದ್ದರೆ ‘ಆ್ಯಕ್ಟಿವ್’, ಸಾಲು ಕೆಟ್ಟಿದ್ದರೆ ‘ಕ್ರಾನಿಕ್’. ಆ್ಯಕ್ಟಿವ್ ಎಂದರೆ ಕಾಯಿಲೆ ಕೈಮೀರಿದೆ ಎಂದಲ್ಲ, ಕ್ರಾನಿಕ್ ಎಂದರೆ ವಾಸಿಯಾಗದ್ದು ಎಂದೂ ಅಲ್ಲ. ನಿಮ್ಮ ವರದಿಯಲ್ಲಿ ‘ಆ್ಯಕ್ಟಿವ್’ ಇದೆ, ‘ಕ್ರಾನಿಕ್’ ಎಂಬ ಪದವೇ ಇಲ್ಲ. ಐದು ತಿಂಗಳ ಕಾಯಿಲೆಯಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಸಾಲು ನಿಜಕ್ಕೂ ಕೆಟ್ಟಿಲ್ಲವೋ, ಅಥವಾ ಚೂರು ತೀರಾ ಮೇಲ್ಮೈಯದಾಗಿ, ಓರೆಯಾಗಿ ಕತ್ತರಿಸಿಹೋಗಿ ನೋಡಲು ಆಗಲಿಲ್ಲವೋ? ಓರೆಯಾಗಿ ಕತ್ತರಿಸಿದರೆ ಮರಗಳ ಬದಲು ಬರೀ ಬುಡದ ಉಂಗುರಗಳು ಕಾಣುತ್ತವೆ, ಸಾಲು ನೆಟ್ಟಗಿದೆಯೇ ಎಂದು ಹೇಳಲಾಗದು. ಹಾಗಾಗಿದ್ದರೆ ವರದಿಯಲ್ಲಿ ಅದನ್ನು ಬರೆಯಬೇಕು.

ಮೂರು ಚೂರು ಒಂದೇ ಡಬ್ಬಿಯಲ್ಲಿ ಹೋದದ್ದು ಇಲ್ಲಿಯ ದೊಡ್ಡ ಕೊರತೆ. ಕಾರಣ ಇದು: ಪ್ಲಾಸ್ಮಾ ಕಣಗಳು ದೊಡ್ಡ ಕರುಳಿನ ಬಲಭಾಗದಲ್ಲಿ ಸಹಜವಾಗಿಯೇ ಹೆಚ್ಚು, ಎಡಕ್ಕೆ ಬಂದ ಹಾಗೆ ಕಡಿಮೆ. ಕ್ರಿಪ್ಟ್ ಬುಡದಲ್ಲಿರುವ ಪ್ಯಾನೆತ್ ಎಂಬ ಕಣಗಳೂ ಹಾಗೇ. ಸೀಕಮ್ಮಿನಲ್ಲಿ ಕಂಡರೆ ಸಹಜ, ಎಡಗಡೆ ಕಂಡರೆ ಹಳೆಯ ಗಾಯದ ಗುರುತು. ಚೂರು ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಕಂಡದ್ದು ಸಹಜವೋ ಕಾಯಿಲೆಯೋ ಎಂದು ತೀರ್ಮಾನಿಸುವುದು ಕಷ್ಟ. ಐಲಿಯಂನ ಚೂರನ್ನು ಅದರ ಬೆರಳಿನಂಥ ವಿಲ್ಲೈಗಳಿಂದ ಗುರುತಿಸಬಹುದು, ಆದರೆ ಹುಣ್ಣಿನ ಜಾಗದಲ್ಲಿ ಅವೇ ಸವೆದುಹೋಗಿರುತ್ತವೆ.

ಮೊದಲ ಸಲ ಐಬಿಡಿ (ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತಗಳ ಗುಂಪು) ಅನುಮಾನ ಬಂದಾಗ, ಐಲಿಯಂ ಮತ್ತು ಗುದನಾಳವೂ ಸೇರಿದಂತೆ ಕನಿಷ್ಠ ಐದು ಜಾಗಗಳಿಂದ, ಪ್ರತಿ ಜಾಗದಿಂದ ಕನಿಷ್ಠ ಎರಡೆರಡು ಚೂರು ತೆಗೆಯಬೇಕು ಎಂಬುದು ಒಪ್ಪಿತ ಕ್ರಮ. ಜಾಗಕ್ಕೊಂದು ಡಬ್ಬಿ, ಡಬ್ಬಿಗೊಂದು ಹೆಸರು. ಕಣ್ಣಿಗೆ ಚೆನ್ನಾಗಿ ಕಾಣುವ ಜಾಗದಿಂದಲೂ ತೆಗೆಯಬೇಕು. ಚೆನ್ನಾಗಿರುವುದನ್ನು ಯಾಕೆ ಚಿವುಟುತ್ತೀರಿ ಎಂದು ಕೇಳುವವರಿದ್ದಾರೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ನಡುವೆ ಬಿಡುವಿಲ್ಲದೆ ಮೇಲಕ್ಕೆ ಹರಡುತ್ತದೆ, ಕ್ರೋನ್ಸ್ ಅಲ್ಲಲ್ಲಿ ಬಿಟ್ಟುಬಿಟ್ಟು ಬರುತ್ತದೆ. ನಡುವಿನ ಜಾಗ ನಿಜವಾಗಿಯೂ ಚೆನ್ನಾಗಿದೆಯೇ ಎಂದು ಚೂರು ನೋಡಿಯೇ ಹೇಳಬೇಕು. ಅದೂ ಔಷಧ ಶುರು ಮಾಡುವ ಮುಂಚೆ. ಚಿಕಿತ್ಸೆ ಪಡೆದ ಅಲ್ಸರೇಟಿವ್ ಕೊಲೈಟಿಸ್ ಅಲ್ಲಲ್ಲಿ ಮಾಯ್ದು ಕ್ರೋನ್ಸ್‌ನಂತೆಯೇ ಕಾಣುತ್ತದೆ.

ಹುಣ್ಣಿನಲ್ಲಿ ಎಲ್ಲಿ ಚಿವುಟುತ್ತಾರೆ ಎಂಬುದಕ್ಕೂ ಲೆಕ್ಕವಿದೆ. ಅಂಚಿನ ಚೂರಿನಲ್ಲಿ ಕ್ರಿಪ್ಟ್‌ಗಳ ಸಾಲು ಸಿಗುತ್ತದೆ, ತಳದ ಚೂರಿನಲ್ಲಿ ಗ್ರ್ಯಾನುಲೋಮ ಸಿಗುವ ಸಾಧ್ಯತೆ ಇರುತ್ತದೆ. ಎರಡೂ ಬೇಕು. ಟಿಬಿಯೋ ಕ್ರೋನ್ಸೋ ಎಂಬ ಅನುಮಾನವಿದ್ದಾಗ ಹುಣ್ಣುಗಳಿಂದಲೇ ಎಂಟು ಹತ್ತು ಚೂರು ತೆಗೆದರೆ ಅತಿಯೇನೂ ಅಲ್ಲ.

ಗ್ರ್ಯಾನುಲೋಮ ಎಂದರೆ ರಕ್ಷಕ ಕಣಗಳು ಉಂಡೆಗಟ್ಟಿಕೊಂಡ ರಚನೆ. ಟಿಬಿಯಲ್ಲೂ ಬರುತ್ತದೆ, ಕ್ರೋನ್ಸ್‌ನಲ್ಲೂ ಬರುತ್ತದೆ. ಟಿಬಿಯಲ್ಲಿ ಅವು ದೊಡ್ಡವು, ಹಲವು, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವೊಮ್ಮೆ ನಡುವೆ ಗಿಣ್ಣಿನಂತೆ ಕೊಳೆತ ಭಾಗವಿರುತ್ತದೆ. ಈ ಕೊಳೆತ ಭಾಗ ಕಂಡರೆ ತಕ್ಕಡಿ ಟಿಬಿಯ ಕಡೆಗೆ ಬಲವಾಗಿ ವಾಲುತ್ತದೆ. ಕ್ರೋನ್ಸ್‌ನಲ್ಲಿ ಅವು ಚಿಕ್ಕವು, ಬಿಡಿಬಿಡಿ, ವಿರಳ. ಸಮಸ್ಯೆ ಏನೆಂದರೆ ಟಿಬಿಯ ಗ್ರ್ಯಾನುಲೋಮ ಹೆಚ್ಚಾಗಿ ಒಳಪದರದ ಕೆಳಗಿನ ಪದರದಲ್ಲಿ ಅಡಗಿರುತ್ತದೆ, ಚಿಮಟ ಅಲ್ಲಿಯ ತನಕ ಇಳಿಯುವುದು ಕೆಲವೊಮ್ಮೆ ಮಾತ್ರ. ಕ್ರೋನ್ಸ್ ಕರುಳಿನ ಗೋಡೆಯ ಪೂರ್ತಿ ದಪ್ಪವನ್ನು ಹಿಡಿಯುವ ಕಾಯಿಲೆ, ಎಳ್ಳಿನಷ್ಟು ಚೂರಿನಲ್ಲಿ ಅದು ಕಾಣುವುದೇ ಇಲ್ಲ. ಆದ್ದರಿಂದ ‘ಗ್ರ್ಯಾನುಲೋಮ ಕಂಡಿಲ್ಲ’ ಎಂಬ ಸಾಲು ಟಿಬಿಯನ್ನೂ ತಳ್ಳಿಹಾಕುವುದಿಲ್ಲ, ಕ್ರೋನ್ಸ್‌ನನ್ನೂ ತಳ್ಳಿಹಾಕುವುದಿಲ್ಲ. ‘ಎಎಫ್‌ಬಿ ನೆಗೆಟಿವ್’ ಕೂಡ ಹಾಗೇ. ಬಣ್ಣ ಹಾಕಿ ಟಿಬಿ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ ಅದು. ಕಫದಲ್ಲಿ ಕಾಣುವ ಹಾಗೆ ಕರುಳಿನ ಚೂರಿನಲ್ಲಿ ಅವು ಸುಲಭವಾಗಿ ಕಾಣಸಿಗುವುದಿಲ್ಲ. ಈ ಎರಡು ಸಾಲು ಓದಿ ಟಿಬಿ ಇಲ್ಲ ಎಂದು ನಿಶ್ಚಿಂತರಾಗುವುದೇ ನಮ್ಮಲ್ಲಿ ಪದೇಪದೇ ಆಗುವ ತಪ್ಪು.

ನಿಮ್ಮ ಪತ್ರದಲ್ಲಿ ಕಾಣದ ಇನ್ನೊಂದು ವಿಷಯ ಸಲೈನ್ ಡಬ್ಬಿ. ಸೂಕ್ಷ್ಮದರ್ಶಕಕ್ಕೆ ಹೋಗುವ ಚೂರು ಫಾರ್ಮಲಿನ್‌ನಲ್ಲಿ ಹೋಗಬೇಕು. ಟಿಬಿ ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮತ್ತು ಟಿಬಿಯ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೆ ಹೋಗುವ ಚೂರು ಫಾರ್ಮಲಿನ್ ಮುಟ್ಟಲೇಬಾರದು, ಶುದ್ಧ ನಾರ್ಮಲ್ ಸಲೈನ್‌ನಲ್ಲಿ ಅದೇ ದಿನ ಲ್ಯಾಬ್ ಸೇರಬೇಕು. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಒಮ್ಮೆ ಅದರಲ್ಲಿ ಮುಳುಗಿದ ಚೂರಿನಿಂದ ಕಲ್ಚರ್ ಬೆಳೆಯುವುದು ಅಸಾಧ್ಯ. ಎಂಡೋಸ್ಕೋಪಿ ಕೋಣೆಯಲ್ಲಿ ಎಲ್ಲ ಡಬ್ಬಿಗಳಿಗೂ ಮೊದಲೇ ಫಾರ್ಮಲಿನ್ ತುಂಬಿಟ್ಟಿರುತ್ತಾರೆ. ಸಲೈನ್ ಡಬ್ಬಿ ಬೇಕೆಂದು ಹಿಂದಿನ ದಿನವೇ ಹೇಳಿರದಿದ್ದರೆ ಇದು ತಪ್ಪಿಹೋಗುವುದು ಇಲ್ಲೇ. ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೇ ಎಂದೂ ಹೇಳುತ್ತದೆ. ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ನೆಚ್ಚಿಕೊಳ್ಳಲಾಗದು, ಕರುಳಿನ ಟಿಬಿಯಲ್ಲಿ ಅದು ಅನೇಕರನ್ನು ಬಿಟ್ಟುಬಿಡುತ್ತದೆ. ಕಲ್ಚರ್ ಪೂರ್ತಿ ಆಗಲು ಆರು ವಾರ ಹಿಡಿಯಬಹುದು. ಅಲ್ಲಿಯ ತನಕ ‘ನೆಗೆಟಿವ್’ ಎಂದು ತೀರ್ಮಾನಿಸುವಂತಿಲ್ಲ.

ಬೆನ್ನುನೋವಿನ ಮಾತ್ರೆಯನ್ನು ನೀವು ಕೊನೆಗೆ ಸೇರಿಸಿದ್ದೀರಿ, ಆದರೆ ನನಗೆ ಅದು ಮುಖ್ಯವಾಗಿ ಕಾಣುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆಗಳು ತಾವೇ ಐಲಿಯಂನಲ್ಲಿ ಹುಣ್ಣು ಮಾಡಬಲ್ಲವು, ಇರುವ ಕ್ರೋನ್ಸ್ ಕೆರಳಿಸಲೂಬಲ್ಲವು. ಕರುಳಿನ ಉರಿಯೂತ ಅಳೆಯುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯ ಅಂಕಿಯನ್ನೂ ಏರಿಸುತ್ತವೆ. ಏಳು ಕೆ.ಜಿ. ಇಳಿದದ್ದು ಮತ್ತು ಸಂಜೆ ಜ್ವರ ಬರೀ ಮಾತ್ರೆಯಿಂದ ಆದವು ಎನ್ನಲಾರೆ, ಆದರೂ ಅದನ್ನು ಇವತ್ತೇ ನಿಲ್ಲಿಸಲಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಇನ್ನೊಂದು ವಿಷಯ ಅವನನ್ನೇ ಕೇಳಿ. ಬೆನ್ನು ಬೆಳಿಗ್ಗೆ ಏಳುವಾಗ ಅರ್ಧ ಗಂಟೆಗೂ ಹೆಚ್ಚು ಬಿಗಿದುಕೊಂಡಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದೆಯೇ? ಹಾಗಿದ್ದರೆ ಅದು ಭಾರ ಎತ್ತಿದ ನೋವಾಗಿರದೆ, ಕ್ರೋನ್ಸ್‌ನ ಜೊತೆಗೆ ಬರುವ ಬೆನ್ನುಮೂಳೆಯ ಉರಿಯೂತ ಇರಬಹುದು. ಹಾಗೆಯೇ ಬೆನ್ನುಮೂಳೆಗೂ ಟಿಬಿ ಬರುತ್ತದೆ. ರಾತ್ರಿ ನಿದ್ದೆ ಕೆಡಿಸುವ, ಒಂದೇ ಜಾಗದಲ್ಲಿ ಒತ್ತಿದರೆ ನೋಯುವ ಬೆನ್ನಾದರೆ ಎಂಆರ್‌ಐ ಬೇಕಾದೀತು. ಬಯಾಪ್ಸಿಯ ಮನವಿ ಚೀಟಿಯಲ್ಲಿ ಈ ಮಾತ್ರೆಯ ಹೆಸರು ಬರೆದಿರಲಿಕ್ಕಿಲ್ಲ. ಮುಂದಿನ ಸಲ ಕಾಯಿಲೆಯ ಅವಧಿ, ನುಂಗುವ ಮಾತ್ರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ, ಕೊಲೊನೋಸ್ಕೋಪಿಯಲ್ಲಿ ಏನು ಕಂಡಿತು ಎಂಬುದನ್ನೆಲ್ಲ ಬರೆಸಿ. ‘ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ ಎಂದು ಲ್ಯಾಬಿನವರು ಬರೆಯುವುದು ಹಲವು ಸಲ ಈ ವಿವರಗಳು ಅವರಿಗೆ ತಲುಪದೇ ಇದ್ದಾಗ.

ಮುಂದಿನ ದಾರಿಗಳು

ಮೊದಲನೆಯದು ಈಗಾಗಲೇ ತೆಗೆದ ಚೂರುಗಳ ಮರುಓದು, ಅದಕ್ಕೆ ತಮ್ಮನನ್ನು ಮುಟ್ಟಬೇಕಾಗಿಯೂ ಇಲ್ಲ. ಅವನ ಚೂರುಗಳು ಮೇಣದ ಬ್ಲಾಕಿನಲ್ಲಿ ಲ್ಯಾಬಿನಲ್ಲೇ ಇವೆ. ಸ್ಲೈಡ್ ಆಗಿರುವುದು ಅದರ 3–4 ಮೈಕ್ರಾನ್ ದಪ್ಪದ ಪದರ ಮಾತ್ರ, ಉಳಿದದ್ದು ಹಾಗೇ ಇರುತ್ತದೆ. ಇನ್ನಷ್ಟು ಆಳದ ಪದರಗಳನ್ನು ಕತ್ತರಿಸಿ ನೋಡಿದಾಗ, ಮೊದಲು ಕಾಣದ ಗ್ರ್ಯಾನುಲೋಮ ಸಿಗುವುದುಂಟು. ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಲಿಖಿತ ಅರ್ಜಿ ಕೊಟ್ಟು ಪಡೆಯಿರಿ, ಬ್ಲಾಕಿನ ಮೇಲಿನ ನಂಬರ್ ವರದಿಯ ನಂಬರಿಗೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ. ಕರುಳಿನ ಬಯಾಪ್ಸಿಯನ್ನೇ ಹೆಚ್ಚಾಗಿ ಓದುವ ಪೆಥಾಲಜಿಸ್ಟ್ ಬೆಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲೇ ಹೋಗುವುದಾದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಗ್ಯಾಸ್ಟ್ರೋಎಂಟರಾಲಜಿಯ ಪ್ರತ್ಯೇಕ ಸಂಸ್ಥೆ ಇದೆ. ಬ್ಲಾಕ್ ಜೊತೆಗೆ ಕೊಲೊನೋಸ್ಕೋಪಿಯ ಬಣ್ಣದ ಫೋಟೊಗಳೂ ಇರಲಿ. ಕರುಳಿನ ಸುತ್ತ ಅಡ್ಡಡ್ಡ ಹಬ್ಬಿದ ಹುಣ್ಣು, ಬಾಯಿ ತೆರೆದು ನಿಂತ ಇಲಿಯೊಸೀಕಲ್ ಕವಾಟ ಟಿಬಿಯ ಕಡೆ ಬೆರಳು ತೋರಿಸುತ್ತವೆ. ಉದ್ದುದ್ದ ಹುಣ್ಣು, ಚಪ್ಪಡಿಗಲ್ಲು ಹಾಸಿದಂಥ ಒಳಮೈ, ಗುದದ್ವಾರದ ಸುತ್ತ ಫಿಸ್ಟುಲಾ (ಒಳಗಿಂದ ಚರ್ಮಕ್ಕೆ ಕೊರೆದ ಸುರಂಗ) ಕ್ರೋನ್ಸ್‌ನ ಕಡೆ. ಈ ದಾರಿಯ ಮಿತಿ ಎಂದರೆ ಮೂರೇ ಚೂರು ಇರುವುದು, ಹೆಚ್ಚು ಕತ್ತರಿಸಿದರೆ ಬ್ಲಾಕ್ ಖಾಲಿಯಾಗುವುದು.

ಅದರ ಜೊತೆಯಲ್ಲೇ ಆಗಬೇಕಾದದ್ದು ಸಣ್ಣ ಕರುಳನ್ನು ನೋಡುವ ಸ್ಕ್ಯಾನ್ ಆದ ಸಿಟಿ ಎಂಟರೋಗ್ರಫಿ, ಎದೆಯ ಎಕ್ಸ್‌ರೇ, ಎಚ್‌ಐವಿ ಪರೀಕ್ಷೆ. ಸಿಟಿಯಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ, ನಡುವೆ ಕೊಳೆತ ದುಗ್ಧಗ್ರಂಥಿ ಕಂಡರೆ ಟಿಬಿಯ ಅನುಮಾನ ಗಟ್ಟಿಯಾಗುತ್ತದೆ, ಮತ್ತು ಸೂಜಿಯಿಂದ ಅಲ್ಲಿಂದಲೇ ಮಾದರಿ ತೆಗೆಯಬಹುದು. ಕರುಳಿನ ಚೂರಿಗಿಂತ ಅದು ಚೆನ್ನಾಗಿ ಉತ್ತರ ಕೊಡುವುದೂ ಇದೆ. ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಕರುಳಿನ ಟಿಬಿ ಇಲ್ಲ ಎನ್ನುವಂತಿಲ್ಲ. ಟಿಬಿ ಸೋಂಕು ಹುಡುಕುವ ಮಾಂಟೂ (ಚರ್ಮದ), ಟಿಬಿ ಗೋಲ್ಡ್ (ರಕ್ತದ) ಪರೀಕ್ಷೆಗಳ ಮೇಲೆ ಇಲ್ಲಿ ಹೆಚ್ಚು ಭಾರ ಹಾಕಬೇಡಿ. ಎಂದೋ ಒಮ್ಮೆ ಸೋಂಕು ತಗುಲಿ ಕಾಯಿಲೆ ಬಾರದೆ ಇರುವವರಲ್ಲೂ ಅವು ಪಾಸಿಟಿವ್ ಬರುತ್ತವೆ. ಕ್ಯಾಲ್‌ಪ್ರೊಟೆಕ್ಟಿನ್ ಉರಿಯೂತ ಇದೆ ಎನ್ನುತ್ತದೆಯೇ ಹೊರತು ಯಾವುದರಿಂದ ಎನ್ನುವುದಿಲ್ಲ. ಅದನ್ನು ಈಗೊಮ್ಮೆ ಮಾಡಿಸಿಟ್ಟರೆ ಚಿಕಿತ್ಸೆಯ ಮೇಲೆ ಇಳಿಯಿತೇ ಎಂದು ಹೋಲಿಸಲು ಆಗುತ್ತದೆ.

ಎರಡನೆಯ ದಾರಿ ಮತ್ತೆ ಕೊಲೊನೋಸ್ಕೋಪಿ. ಮರುಓದಿನಲ್ಲಿ ಏನೂ ಸಿಗದಿದ್ದರೆ, ನಿಮ್ಮ ತಮ್ಮನಿಗೆ ಇದನ್ನೇ ಸೂಚಿಸುತ್ತೇನೆ. ಅವನು ಒಪ್ಪದಿರುವುದು ಸಹಜ. ಹೊಟ್ಟೆ ಖಾಲಿ ಮಾಡುವ ಹಿಂಸೆಯೇ ಹೆಚ್ಚಿನವರಿಗೆ ಭಯ. ಪೆಗ್ ಪುಡಿಯ ದ್ರಾವಣವನ್ನು ಒಂದೇ ಸಲ ಕುಡಿಯದೆ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಕುಡಿದರೆ ವಾಂತಿ ಕಡಿಮೆ, ಕರುಳೂ ಹೆಚ್ಚು ಶುಚಿ. ಸೋಡಿಯಂ ಫಾಸ್ಫೇಟ್ ಇರುವ ದ್ರಾವಣ ಬೇಡವೆಂದು ಕೇಳಿಕೊಳ್ಳಿ. ಅದು ತಾನೇ ಸಣ್ಣ ಸಣ್ಣ ಹುಣ್ಣು ಎಬ್ಬಿಸಿ ಬಯಾಪ್ಸಿಯನ್ನು ಗೊಂದಲಗೊಳಿಸಬಲ್ಲದು. ಕರುಳು ಕಿರಿದಾಗಿರುವ ಸೂಚನೆ ಸಿಟಿಯಲ್ಲಿದ್ದರೆ, ದ್ರಾವಣ ಕುಡಿಯುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಮಂಪರು ಬರಿಸುವ ಇಂಜೆಕ್ಷನ್ ಕೊಡುವುದರಿಂದ ಜೊತೆಗೆ ಒಬ್ಬರು ಇರಬೇಕು, ಆ ದಿನ ಅವನು ಬೈಕ್ ಮುಟ್ಟಬಾರದು, ಕಾರ್ಖಾನೆಯ ಯಂತ್ರವನ್ನೂ ಮುಟ್ಟಬಾರದು. ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೆ ಒಂದು ಮಾತು: ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬಯಾಪ್ಸಿಗೆಂದು ತಾವಾಗಿ ನಿಲ್ಲಿಸಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರೆ ನಿಲ್ಲಿಸುವುದು ಬಯಾಪ್ಸಿಯ ರಕ್ತಸ್ರಾವಕ್ಕಿಂತ ದೊಡ್ಡ ಅಪಾಯ.

ಮೂರನೆಯದು ಎರಡನೇ ಡಾಕ್ಟರು ಹೇಳಿದ ಟಿಬಿ ಚಿಕಿತ್ಸೆಯ ಪ್ರಯೋಗ. ‘ಅಂದಾಜಿನ ಮೇಲೆ ಮಾತ್ರೆ’ ಎಂದು ಇದನ್ನು ಹಗುರವಾಗಿ ನೋಡಬೇಡಿ. ಎಲ್ಲ ಪರೀಕ್ಷೆಗಳಾದ ಮೇಲೂ ಟಿಬಿ, ಕ್ರೋನ್ಸ್ ಎರಡೂ ಸಮಸಮ ಉಳಿದಾಗ ನಮ್ಮ ದೇಶದಲ್ಲಿ ಇದು ಮಾನ್ಯವಾದ ಕ್ರಮ. ಕಾರಣ ಸರಳ. ಕ್ರೋನ್ಸ್ ಇದ್ದು ಟಿಬಿ ಮಾತ್ರೆ ಕೊಟ್ಟರೆ ಎರಡು ತಿಂಗಳು ಕಳೆದುಹೋಗುತ್ತವೆ. ಟಿಬಿ ಇದ್ದು ಸ್ಟೀರಾಯ್ಡ್ ಕೊಟ್ಟರೆ ಮೊದಲ ಕೆಲವು ವಾರ ನೋವು, ಜ್ವರ ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಟಿಬಿ ಮೈತುಂಬ ಹರಡುತ್ತಿರುತ್ತದೆ. ಎರಡು ತಪ್ಪುಗಳು ಒಂದೇ ತೂಕದವಲ್ಲ. ಹಾಗೆಂದು ಎರಡು ತಿಂಗಳ ನಷ್ಟವೂ ಚಿಕ್ಕದಲ್ಲ. ಚಿಕಿತ್ಸೆ ಸಿಗದ ಕ್ರೋನ್ಸ್ ಅಷ್ಟರಲ್ಲಿ ಕರುಳನ್ನು ಕಿರಿದು ಮಾಡಬಹುದು. ಹಾಗಾಗಿ ಪ್ರಯೋಗಕ್ಕೆ ಮೊದಲ ದಿನವೇ ಕೊನೆಯ ದಿನಾಂಕ ಬರೆದಿಡಬೇಕು.

ಪ್ರಯೋಗ ಹೇಗೆ ನಡೆಯಬೇಕೆಂದರೆ: ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ನಾಲ್ಕೂ ಸೇರಿದ ಮಾತ್ರೆ ತೂಕಕ್ಕೆ ತಕ್ಕಂತೆ ದಿನವೂ. 52 ಕೆ.ಜಿ. ಇರುವ ನಿಮ್ಮ ತಮ್ಮ 50ರಿಂದ 64 ಕೆ.ಜಿ. ಗುಂಪಿಗೆ ಬರುತ್ತಾನೆ, ದಿನಕ್ಕೆ 4 ಮಾತ್ರೆ. ತೂಕ 50ಕ್ಕಿಂತ ಕೆಳಗಿಳಿದರೆ ಲೆಕ್ಕ ಬದಲಾಗುತ್ತದೆ, ಹಾಗಾಗಿ ಪ್ರತಿ ಭೇಟಿಯಲ್ಲೂ ತೂಗಿಸಿ. ಶುರು ಮಾಡುವ ಮುಂಚೆ ಯಕೃತ್ತಿನ ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾಗುತ್ತಿದ್ದರೆ, ಕೆಂಪು ಹಸಿರು ಬಣ್ಣ ಮಬ್ಬಾದರೆ ಮುಂದಿನ ಡೋಸ್ ನುಂಗದೆ ಡಾಕ್ಟರಲ್ಲಿಗೆ ಹೋಗಬೇಕು. ಈ ಅವಧಿಯಲ್ಲಿ ಮದ್ಯ ಪೂರ್ತಿ ನಿಷಿದ್ಧ.

ಎರಡು ತಿಂಗಳಿಗೆ ತೀರ್ಪು. ಇಲ್ಲೊಂದು ಎಡವುವ ಜಾಗವಿದೆ. ಟಿಬಿ ಮಾತ್ರೆಯಲ್ಲಿ ಕ್ರೋನ್ಸ್ ರೋಗಿಗೂ ಸ್ವಲ್ಪ ಹಿತವೆನಿಸಬಹುದು. ಆದ್ದರಿಂದ ‘ನೋವು ಕಡಿಮೆಯಾಗಿದೆ ಡಾಕ್ಟ್ರೇ’ ಎಂಬ ಮಾತಿನ ಮೇಲೆ ತೀರ್ಮಾನ ಮಾಡಬಾರದು, ಕೊಲೊನೋಸ್ಕೋಪಿಯಲ್ಲಿ ಹುಣ್ಣು ಮಾಯ್ದದ್ದನ್ನು ಕಣ್ಣಾರೆ ನೋಡಬೇಕು. ಮಾಯ್ದಿದ್ದರೆ ಟಿಬಿ ಎಂದೇ ಒಪ್ಪಿ ಇನ್ನು ನಾಲ್ಕು ತಿಂಗಳು, ಒಟ್ಟು ಆರು ತಿಂಗಳ ಚಿಕಿತ್ಸೆ ಮುಗಿಸಬೇಕು. ಹುಣ್ಣು ಇದ್ದ ಹಾಗೇ ಇದ್ದರೆ ಕ್ರೋನ್ಸ್‌ನ ಕಡೆ ತಿರುಗಬೇಕು, ಆದರೆ ಅಷ್ಟರಲ್ಲಿ ಬಂದಿರುವ ಕಲ್ಚರ್ ವರದಿ ನೋಡಿಕೊಂಡು. ಔಷಧಕ್ಕೆ ಬಗ್ಗದ ಟಿಬಿಯೂ ಹಾಗೇ ಮಾಯದೆ ಉಳಿಯುತ್ತದೆ. ಸಲೈನ್ ಡಬ್ಬಿ ಈಗಲೇ ಕಳಿಸಬೇಕು ಎನ್ನುವುದು ಇದಕ್ಕೇ, ಮಾತ್ರೆ ಶುರುವಾದ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಹುಣ್ಣು ಮಾಯ್ದರೂ ಊಟವಾದ ಮೇಲೆ ಹೊಟ್ಟೆ ಹಿಂಡುವ ನೋವು ಉಳಿದರೆ ಅದು ಕಲೆಗಟ್ಟಿ ಕಿರಿದಾದ ಕರುಳಿನಿಂದ ಇರಬಹುದು. ಅದಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲ, ಬಲೂನಿನಿಂದ ಹಿಗ್ಗಿಸುವುದೋ ಆಪರೇಷನ್ನೋ ಬೇಕಾಗುತ್ತದೆ.

ಟಿಬಿ ಚಿಕಿತ್ಸೆ ಶುರುವಾದರೆ ಹೆಸರು ಸರ್ಕಾರಕ್ಕೆ ಹೋಗುತ್ತದೆ ಎಂದು ಕೆಲವರು ಗುಟ್ಟಾಗಿ ಮಾತ್ರೆ ತರುತ್ತಾರೆ. 2012ರಿಂದ ಖಾಸಗಿ ವೈದ್ಯರೂ ಟಿಬಿ ರೋಗಿಗಳ ಮಾಹಿತಿ ಕೊಡುವುದು ಕಡ್ಡಾಯ, ಅದರಿಂದ ರೋಗಿಗೆ ಲಾಭವೇ. ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ. ದೇಶದ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮದ ಮೊದಲ ರೂಪ ಸಿದ್ಧವಾದದ್ದೇ ನಮ್ಮ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಕರುಳಿನ ಟಿಬಿ ಶ್ವಾಸಕೋಶದ್ದರಂತೆ ಕೆಮ್ಮಿನಿಂದ ಹರಡುವುದಿಲ್ಲ. ಎದೆಯ ಎಕ್ಸ್‌ರೇ ಸರಿಯಿದ್ದರೆ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಮೊದಲನೇ ಡಾಕ್ಟರು ಹೇಳಿದ ದಾರಿ ತಪ್ಪೆಂದು ಮುಚ್ಚಿಬಿಡಬೇಡಿ. ಸಿಟಿ, ಫೋಟೊ, ಮರುಓದು ಎಲ್ಲವೂ ಕ್ರೋನ್ಸ್ ಎಂದೇ ಹೇಳಿದರೆ ಟಿಬಿ ಪ್ರಯೋಗದಲ್ಲಿ ಎರಡು ತಿಂಗಳು ಕಳೆಯುವುದು ಅನ್ಯಾಯ. ಇಬ್ಬರೂ ಡಾಕ್ಟರು ಒಂದೇ ಕಡತ ನೋಡಿರುವುದು ಅನುಮಾನ, ಮರುಓದಿನ ವರದಿಯ ಪ್ರತಿಯನ್ನು ಇಬ್ಬರಿಗೂ ಕೊಡಿ. ಇಷ್ಟರ ನಡುವೆ ಹೊಟ್ಟೆ ಉಬ್ಬಿ, ಗಾಳಿ ಮಲ ಎರಡೂ ನಿಂತು, ವಾಂತಿ ಶುರುವಾದರೆ ಅದು ಕರುಳು ಕಟ್ಟಿದ್ದರ ಲಕ್ಷಣ. ಆಗ ಬ್ಲಾಕ್, ಅಪಾಯಿಂಟ್‌ಮೆಂಟ್ ಯಾವುದಕ್ಕೂ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ತಮ್ಮನಿಗೆ ಈ ವಾರ ಹೇಳಬೇಕಾದದ್ದು ಕೊಲೊನೋಸ್ಕೋಪಿಯ ಮಾತನ್ನಲ್ಲ. ನೋವಿನ ಮಾತ್ರೆ ನಿಲ್ಲಿಸಲಿ, ನೀವು ಹೋಗಿ ಬ್ಲಾಕ್ ತನ್ನಿ, ಸಿಟಿ ಮಾಡಿಸಿ. ಮರುಓದಿನಲ್ಲಿ ಉತ್ತರ ಸಿಕ್ಕರೆ ಅವನು ಮತ್ತೆ ಆ ದ್ರಾವಣ ಕುಡಿಯಬೇಕಾಗಿಯೇ ಇಲ್ಲ. ಸಿಗದೆ ಮತ್ತೆ ಚೂರು ತೆಗೆಯುವುದಾದರೆ, ಹಿಂದಿನ ದಿನ ಎಂಡೋಸ್ಕೋಪಿ ಕೋಣೆಗೆ ಫೋನ್ ಮಾಡಿ ಎರಡೇ ವಿಷಯ ಕೇಳಿ: ಜಾಗಕ್ಕೊಂದು ಫಾರ್ಮಲಿನ್ ಡಬ್ಬಿ ಇದೆಯೇ, ಟಿಬಿಗೆ ಸಲೈನ್ ಡಬ್ಬಿ ತೆಗೆದಿಟ್ಟಿದ್ದಾರೆಯೇ.